ಕೊಬ್ಬರಿ ಎಣ್ಣೆ ಕರಗದ ದಿನಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ಮೂರು ವಾರದಿಂದ ಕಲ್ಲಾಗಿ ಕೂತಿದೆ. ತಲೆಗೆ ಹಚ್ಚಬೇಕು ಅಂದರೆ ಬಚ್ಚಲೊಲೆಯ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಇಡಬೇಕು. 24 ಡಿಗ್ರಿಯ ಕೆಳಗೆ ಹೋದರೆ ಈ ಎಣ್ಣೆ ಗಟ್ಟಿಯಾಗುತ್ತದೆ. ಬೇರೆ ವರ್ಷ ಬೆಳಿಗ್ಗೆ ಹೆಪ್ಪುಗಟ್ಟಿದ್ದು ಮಧ್ಯಾಹ್ನಕ್ಕೆ ನೀರಾಗುತ್ತಿತ್ತು. ಈ ಸಲ ಮಧ್ಯಾಹ್ನವೂ ಬೆಳ್ಳಗೇ ಇದೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿ. ಕೆಳಗೆ ಅಡಿಕೆ ತೋಟ, ತೋಟದ ನೆತ್ತಿಯಲ್ಲಿ ಮನೆ, ಹಿಂದೆ ಗುಡ್ಡ. ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಭಾನುವಾರ ಫೋನ್ ಮಾಡಿದಾಗ, ಚಳಿ ತಡೆಯಕ್ಕೆ ಆಗ್ತಿಲ್ಲ ಮಾರಾಯ್ತಿ ಅಂದೆ. ‘ಎಷ್ಟಿದೆ ಅಮ್ಮಾ?’ ಅಂದಳು. ಬೆಳಿಗ್ಗೆ ಜಗಲಿಯಲ್ಲಿ 12 ಡಿಗ್ರಿ ಇತ್ತು ಅಂದೆ. ಅವಳ ಊರಿನಲ್ಲಿ ಅವತ್ತು ಸೊನ್ನೆಗಿಂತ 20 ಕೆಳಗೆ! ಫೋನನ್ನು ಕಿಟಕಿಗೆ ಹಿಡಿದು ತೋರಿಸಿದಳು. ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಆಳೆತ್ತರದ ಹಿಮದ ಗುಡ್ಡೆ. ಬೆಳ್ಳಗೇನೂ ಇರಲಿಲ್ಲ, ಒಲೆಯ ಬೂದಿ ಬಣ್ಣ. ಡಿಸೆಂಬರಿನಲ್ಲಿ ಬಿದ್ದದ್ದು ಮಾರ್ಚಿಗೆ ಕರಗಿದರೆ ಪುಣ್ಯ ಅಂದಳು.

ಬಿಸಿಲು ಬಿದ್ದರೂ ಯಾಕೆ ಕರಗುವುದಿಲ್ಲ ಅಂತ ನನಗೆ ಆಶ್ಚರ್ಯವಾಯಿತು. ಆಮೇಲೆ ಓದಿ ತಿಳಿದುಕೊಂಡೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿಯನ್ನು ವಾಪಸ್ ಕಳಿಸಿಬಿಡುತ್ತದೆ. ಅದೇ ಅದರ ಬಿಳುಪು. ಉಳಿದ ಬಿಸಿಯಲ್ಲಿ ಕರಗಬೇಕು. ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಬಿಸಿಲನ್ನು ಹೆಚ್ಚು ಹೀರಿದರೂ, ಕರಗುವುದಕ್ಕೆ ಎಷ್ಟು ಬಿಸಿ ಬೇಕು ಗೊತ್ತಾ? ಒಂದು ಕಿಲೋ ಮಂಜುಗಡ್ಡೆ ನೀರಾಗಲು ಬೇಕಾದ ಬಿಸಿಯಲ್ಲಿ, ಒಂದು ಲೀಟರ್ ಕೊರೆಯುವ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಹಂಡೆ ಒಲೆಗೆ ಸೌದೆ ಒಟ್ಟುವವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಹಗಲು ಅಷ್ಟೋ ಇಷ್ಟೋ ಕರಗಿದ್ದು ರಾತ್ರಿ ಮತ್ತೆ ಗಟ್ಟಿಯಾಗಿ ಗಾಜಿನ ಹಾಗೆ ಜಾರುತ್ತದೆ. ಅದಕ್ಕೇ ಅಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪು ಬೆರೆತ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹಿಮವಲ್ಲ. ಮಗಳು ತೆಳು ಹತ್ತಿ ಅಂಗಿ ಹಾಕಿಕೊಂಡು ಬರಿಗಾಲಲ್ಲಿ ಮನೆಯೊಳಗೆ ಓಡಾಡುತ್ತಿದ್ದಳು. ನಾನಿಲ್ಲಿ ಸ್ವೆಟರ್, ಮೇಲೊಂದು ಶಾಲು, ಕಾಲಿಗೆ ಸಾಕ್ಸ್. ಅವಳ ಹೊರಗೆ ಮೈನಸ್ 20 ಇದ್ದರೆ ಒಳಗೆ 21. ನಮ್ಮ ಹೊರಗೆ 12, ಒಳಗೂ ಹೆಚ್ಚುಕಡಿಮೆ ಅಷ್ಟೇ. ಆ ಊರಿನಲ್ಲಿ ಪೇಟೆಯ ಕಟ್ಟಡದಿಂದ ಕಟ್ಟಡಕ್ಕೆ ಮೇಲಿನ ಮಹಡಿಯಲ್ಲೇ ಗಾಜಿನ ಸೇತುವೆ ಕಟ್ಟಿದ್ದಾರೆ. ಸ್ಕೈವೇ ಅಂತಾರೆ. ಚಳಿಗೆ ಮೈ ಒಡ್ಡದೆ ಪೇಟೆ ಸುತ್ತಬಹುದು. ಊರಿಗೆ ಊರೇ ಚಳಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆ.

ನಾವು ಲೆಕ್ಕಕ್ಕೆ ಇಟ್ಟುಕೊಂಡದ್ದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಸುರಿಯುತ್ತದಲ್ವಾ, ಅಂಥ ಸೀಮೆಯ ಮನೆಗಳು ನಮ್ಮವು. ಇಳಿಜಾರು ಹಂಚಿನ ಮಾಡು, ಉದ್ದ ಚಾಚಿದ ಸೂರು. ಜೂನ್ ಬರುವ ಮೊದಲೇ ಜಗಲಿಗೆ ಸೋಗೆ ತಟ್ಟಿ ಕಟ್ಟಿ ಮುಗಿಸುತ್ತೇವೆ. ಚಳಿಗೆ ಏನು ಮಾಡುತ್ತೇವೆ? ಏನೂ ಇಲ್ಲ. ಹಂಚಿನ ಸಂದಿಯಿಂದ ಗಾಳಿ ಇಳಿಯುತ್ತದೆ, ಸಿಮೆಂಟ್ ನೆಲ ಅಂಗಾಲನ್ನು ಕಚ್ಚುತ್ತದೆ. ಹಿಮ ಬೀಳುವ ಚಳಿಯಾ ಇದು, ನಾಲ್ಕು ದಿನ ಅಲ್ವಾ ಅಂತ ಸುಮ್ಮನಾಗುತ್ತೇವೆ. ಈ ಸಲ ನಾಲ್ಕು ದಿನಕ್ಕೆ ಮುಗಿಯಲಿಲ್ಲ.

ಮೋಡವಿದ್ದರೆ ನೆಲದ ಕಾವಿಗೆ ಕಂಬಳಿ ಹೊದೆಸಿದ ಹಾಗೆ. ಆಕಾಶ ಶುಭ್ರವಾಗಿದ್ದರೆ ಹಗಲಿನ ಕಾವೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗುತ್ತದೆ. ತಂಪಾದ ಗಾಳಿಗೆ ಭಾರ ಜಾಸ್ತಿ, ಅದು ಗುಡ್ಡದಿಂದ ಜಾರಿ ತೋಟದ ತಗ್ಗಿಗೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಜಗಲಿಯಿಂದ ನೋಡಿದರೆ ಅಡಿಕೆ ಮರದ ತಲೆಗಳಷ್ಟೇ ಕಾಣುತ್ತವೆ, ಕೆಳಗೆಲ್ಲ ಕಾವಳ, ದಟ್ಟ ಮಂಜು. ಮರದಿಂದ ಇಬ್ಬನಿ ಟಪ್ ಟಪ್ ಅಂತ ಅಡಿಕೆ ಹಾಳೆಯ ಮೇಲೆ ಬೀಳುವ ಸದ್ದು ಒಂಬತ್ತು ಗಂಟೆಯವರೆಗೂ ಕೇಳುತ್ತದೆ. ಊಟಿಯಂಥ 2200 ಮೀಟರ್ ಎತ್ತರದಲ್ಲಿ ಈ ಇಬ್ಬನಿಯೇ ಹುಲ್ಲಿನ ಮೇಲೆ ಹರಳುಗಟ್ಟುತ್ತದೆ. ನಮ್ಮ ಕೊಡಚಾದ್ರಿ 1343 ಮೀಟರ್. ನಮಗೆ ಹರಳು ಸಿಗುವುದಿಲ್ಲ, ಒದ್ದೆ ಸಿಗುತ್ತದೆ. ಒದ್ದೆ ಬಟ್ಟೆಯ ಚಳಿ ಮೂಳೆಗೇ ಇಳಿಯುತ್ತದೆ.

ಈಗ ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಇಂಥದ್ದೇ ಚಳಿಯಲ್ಲಿ ನಮ್ಮ ಅತ್ತೆಯವರ ಕೋಣೆಗೆ ಬಾಂಡ್ಲಿಯಲ್ಲಿ ಕೆಂಡ ಇಟ್ಟು, ಬೆಚ್ಚಗಿರಲಿ ಅಂತ ಕಿಟಕಿ ಬಾಗಿಲು ಭದ್ರವಾಗಿ ಹಾಕಿದೆ. ಬೆಳಗಿನ ಜಾವ ನೀರು ಕೊಡಲು ಹೋದರೆ ಅವರಿಗೆ ಎದ್ದು ಕೂರಲು ಆಗುತ್ತಿಲ್ಲ. ತಲೆ ಸಿಡಿಯುತ್ತಿದೆ, ವಾಂತಿ, ಮಾತು ತೊದಲು. ಎತ್ತಿಕೊಂಡು ಬಂದು ಜಗಲಿಯಲ್ಲಿ ಕೂರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಉಳಿದುಕೊಂಡರು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ರಕ್ತಕ್ಕೆ ಅಂಟಿಕೊಂಡು ಕೂರುತ್ತದೆ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ದಯವಿಟ್ಟು ಮುಚ್ಚಿದ ಕೋಣೆಗೆ ಕೆಂಡ ಒಯ್ಯಬೇಡಿ. ಕೈಮುಗಿದು ಕೇಳುತ್ತೇನೆ. ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕಾಲ ಹತ್ತಿರ ಇಟ್ಟರೆ ಸಾಕು.

ವಯಸ್ಸಾದವರಿಗೆ ಚಳಿ ಆಗುತ್ತಿರುವುದೇ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಥಂಡಿಗೆ ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಏರುತ್ತದೆ. ಐದು ಗಂಟೆಗೇ ಎದ್ದು ತಣ್ಣೀರು ಮೈಮೇಲೆ ಸುರಿದುಕೊಳ್ಳುವ ಅಜ್ಜಂದಿರಿಗೆ ಸ್ವಲ್ಪ ದಿನ ಬಿಸಿನೀರು ಕಾಯಿಸಿ ಕೊಡಿ, ಬೈದರೂ ಪರವಾಗಿಲ್ಲ.

ಚಳಿ ಜಾಸ್ತಿಯಾದ ಹಾಗೆ ಸೌದೆಗೆ, ದರಗಿಗೆ (ಒಣಗಿದ ಎಲೆಗೆ) ಕಾಡಿಗೆ ಹೋಗುವುದೂ ಜಾಸ್ತಿಯಾಗುತ್ತದೆ. ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಾಡಿನಲ್ಲಿ ಹೆಚ್ಚುವುದೂ ಇದೇ ಕಾಲದಲ್ಲಿ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರಿನ ಸ್ನಾನ.

ನನಗೆ ಹೆಚ್ಚು ಸಂಕಟ ಆಗುವುದು ಅಡಿಕೆ ಕೆಲಸಕ್ಕೆ ಬಯಲುಸೀಮೆಯಿಂದ ಬಂದವರನ್ನು ನೋಡಿದಾಗ. ಅಡಿಕೆ ಸುಲಿಯುವುದು ರಾತ್ರಿ ಹತ್ತರವರೆಗೂ ನಡೆಯುತ್ತದೆ. ಕಳೆದ ವಾರ ಒಬ್ಬಾಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ನಡುನಡುವೆ ಬೆರಳುಗಳನ್ನು ಬಾಯಿಗೆ ಹಿಡಿದು ಊದಿಕೊಳ್ಳುತ್ತಿದ್ದಳು. ಹಸಿ ಅಡಿಕೆಯ ನೀರಿಗೆ ಬೆರಳ ತುದಿ ಕಪ್ಪಾಗಿ ಬಿರಿದಿತ್ತು. ಮರಗಟ್ಟಿದ ಬೆರಳಿಗೆ ಕತ್ತಿ ತಾಗಿದ್ದೇ ಗೊತ್ತಾಗಿರಲಿಲ್ಲ, ಅಡಿಕೆಯ ಮೇಲೆ ರಕ್ತ ನೋಡಿದ ಮೇಲೆ ಗೊತ್ತಾಯಿತು. ಅವರು ಮಲಗುವುದು ತೋಟದಂಚಿನ ಶೆಡ್ಡಿನಲ್ಲಿ, ಟಾರ್ಪಾಲಿನ ಮೇಲೆ. ಕಾವಳ ನಿಲ್ಲುವ ಜಾಗವೇ ಅದು.

ಆ ರಾತ್ರಿಯಿಂದ ಸುಲಿಯುವ ಜಾಗವನ್ನು ಅಡಿಕೆ ಬೇಯಿಸುವ ಒಲೆಯ ಪಕ್ಕಕ್ಕೆ ತಂದಿದ್ದೇವೆ. ಹೊಗೆ ಹೋಗಲು ಮೂರು ಕಡೆಯೂ ತೆರೆದಿದೆ. ಅವರ ಮಲಗುವ ಜಾಗ ಮೇಲಿನ ಕಣಜದ ಕೋಣೆಗೆ ಬಂದಿದೆ, ಕೆಳಗೆ ದಪ್ಪಕ್ಕೆ ಹುಲ್ಲು ಹಾಸಿ ಮೇಲೆ ಕಂಬಳಿ. ಈಗ ಸಂಜೆ ಆರಾಗುತ್ತಾ ಬಂತು. ಹಂಡೆ ತುಂಬಿಸಿ ಎರಡು ಕೊಳ್ಳಿ ಜಾಸ್ತಿಯೇ ಇಟ್ಟು ಬಂದಿದ್ದೇನೆ. ಕಟ್ಟೆಯ ಮೇಲೆ ಎಣ್ಣೆ ಬಾಟಲಿಯೂ ಇದೆ, ಆಕೆಯ ಬೆರಳಿಗೆ ಹಚ್ಚಲು.

ನಮಸ್ಕಾರ.