ಮೊದಲು ನಡೆದದ್ದನ್ನು ಕೊನೆಗೆ ಓದುವವರು

ಸಭಿಕರೆಲ್ಲರಿಗೂ ನಮಸ್ಕಾರ.

ವಾಲ್ಮೀಕಿ ರಾಮಾಯಣದ ಉತ್ತರಕಾಂಡ ಬೆಳೆಯುವುದು ಕೇಳುಗನೊಬ್ಬನ ಪ್ರಶ್ನೆಯಿಂದ. ಯುದ್ಧ ಮುಗಿದು, ಪಟ್ಟಾಭಿಷೇಕವೂ ಆಗಿ, ರಾಮನನ್ನು ಅಭಿನಂದಿಸಲು ಬಂದ ಋಷಿಗಳು ಇಂದ್ರಜಿತುವಿನ ವಧೆಯನ್ನು ವಿಶೇಷವಾಗಿ ಹೊಗಳುತ್ತಾರೆ. ರಾವಣ, ಕುಂಭಕರ್ಣರಂಥವರನ್ನು ಬಿಟ್ಟು ಇವನನ್ನೇ ಏಕೆ ಹೊಗಳುತ್ತೀರಿ ಎಂದು ರಾಮ ಬೆರಗಿನಿಂದ ಕೇಳುತ್ತಾನೆ. ಅದಕ್ಕೆ ಉತ್ತರ ಹೇಳಲು ಹೊರಟ ಅಗಸ್ತ್ಯರು ರಾವಣನ ಹುಟ್ಟಿಗೂ ಹಿಂದಕ್ಕೆ, ಪುಲಸ್ತ್ಯರ ಕಾಲದವರೆಗೆ ಹೋಗಬೇಕಾಗುತ್ತದೆ. ಕಥೆಯ ಕೊನೆಯನ್ನು ಬಲ್ಲವನು, ಅದನ್ನು ಸ್ವತಃ ಬದುಕಿದವನು, ಮೊದಲನ್ನು ಕೇಳಲು ಕುಳಿತಿದ್ದಾನೆ. ಇಂದು ಪ್ರೀಕ್ವೆಲ್ ಎಂದು ಕರೆಯಲಾಗುವ ಪೂರ್ವಕಥೆಗಳ ಬಗೆಗೆ, ಅವು ಪ್ರಕಟವಾಗುವ ಮುನ್ನ ಓದುಗರು ಕಟ್ಟುವ ಊಹೆಗಳ ಬಗೆಗೆ ಯೋಚಿಸುವಾಗಲೆಲ್ಲ ನನಗೆ ಈ ಸಭೆಯ ಚಿತ್ರವೇ ಕಣ್ಣ ಮುಂದೆ ಬರುತ್ತದೆ.

ನಾನು ಆರಿಸಿಕೊಂಡಿರುವ ಉದಾಹರಣೆ ಇಂಗ್ಲೆಂಡಿನದು. ಫಿಲಿಪ್ ಪುಲ್‌ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಮಾಲೆಯ ಮೊದಲ ಪುಸ್ತಕ ‘ನಾರ್ದರ್ನ್ ಲೈಟ್ಸ್’ 1995ರಲ್ಲಿ ಬಂದಿತು. ಮೂರನೆಯದಾದ ‘ದಿ ಆಂಬರ್ ಸ್ಪೈಗ್ಲಾಸ್’ 2000ರಲ್ಲಿ ಬಂದು, ಮುಂದೆ ವಿಟ್‌ಬ್ರೆಡ್ ಪ್ರಶಸ್ತಿಯ ವರ್ಷದ ಪುಸ್ತಕವೆಂಬ ಮನ್ನಣೆಯನ್ನು ಪಡೆಯಿತು. ಮಕ್ಕಳ ಪುಸ್ತಕವೊಂದಕ್ಕೆ ಆ ಮನ್ನಣೆ ಸಂದದ್ದು ಅದೇ ಮೊದಲು. ಲೈರಾ ಎಂಬ ಹುಡುಗಿ, ಅವಳ ಆತ್ಮವೇ ಪ್ರಾಣಿರೂಪದಲ್ಲಿ ಹೊರಗಿದ್ದು ಅವಳೊಡನೆ ಮಾತನಾಡುವ ಡೀಮನ್, ಕೇಳಿದ ಪ್ರಶ್ನೆಗೆ ಚಿತ್ರಸಂಕೇತಗಳಲ್ಲಿ ನಿಜವನ್ನೇ ಹೇಳುವ ಅಲೀಥಿಯೋಮೀಟರ್ ಎಂಬ ಯಂತ್ರ, ಚಿಂತಿಸುವ ಜೀವಿಗಳ ಸುತ್ತ ಕವಿಯುವ ‘ಡಸ್ಟ್’ ಎಂಬ ಧೂಳು: ಇವಿಷ್ಟು ಗೊತ್ತಿದ್ದರೆ ನನ್ನ ಮಾತನ್ನು ಅನುಸರಿಸಲು ಸಾಕು.

2017ರ ಫೆಬ್ರವರಿಯಲ್ಲಿ ಪುಲ್‌ಮನ್ ಹೊಸ ಮೂರು ಪುಸ್ತಕಗಳ ಮಾಲೆಯನ್ನು ಘೋಷಿಸಿದರು. ಅದರ ಹೆಸರು ‘ದಿ ಬುಕ್ ಆಫ್ ಡಸ್ಟ್’. ಮೊದಲ ಸಂಪುಟ ಅದೇ ವರ್ಷದ ಅಕ್ಟೋಬರ್ 19ರಂದು ಬರಲಿತ್ತು, ಮತ್ತು ಅದು ಲೈರಾ ಇನ್ನೂ ಹಸುಗೂಸಾಗಿದ್ದ ಕಾಲದ ಕಥೆಯೆಂದು ತಿಳಿಯಿತು. ಇದು ಹಿಂದಿನ ಕಥೆಯೂ ಅಲ್ಲ, ಮುಂದಿನ ಕಥೆಯೂ ಅಲ್ಲ, ಹಳೆಯದರ ಪಕ್ಕದಲ್ಲಿ ನಿಲ್ಲುವ ಕಥೆ ಎಂದು ಹೇಳಿ ಲೇಖಕರು ಅದನ್ನು ‘ಈಕ್ವೆಲ್’ ಎಂದು ಕರೆದರು. ಹದಿನೇಳು ವರ್ಷ ಕಾದಿದ್ದ ಓದುಗರಿಗೆ ಇನ್ನು ಎಂಟು ತಿಂಗಳು ಉಳಿದಿತ್ತು. ಆ ಎಂಟು ತಿಂಗಳನ್ನು ನಾನೂ ಒಬ್ಬ ಓದುಗನಾಗಿ ಕಳೆದಿದ್ದೇನೆ.

ಇಲ್ಲಿ ನಮ್ಮ ಭಾಷೆಯ ಒಂದು ಪದವನ್ನು ನೆನಪಿಸಿಕೊಳ್ಳಬೇಕು. ಇಂದು ಊಹಾಪೋಹವೆಂದರೆ ಆಧಾರವಿಲ್ಲದ ಗಾಳಿಮಾತು ಎಂಬ ಅರ್ಥ ಬಂದುಬಿಟ್ಟಿದೆ. ಆದರೆ ಆ ಪದದೊಳಗೆ ಎರಡು ಕೆಲಸಗಳಿವೆ: ಊಹ ಎಂದರೆ ಹೀಗಿರಬಹುದು ಎಂದು ಎತ್ತಿಕೊಳ್ಳುವುದು, ಅಪೋಹ ಎಂದರೆ ಹೀಗಿರಲಾರದು ಎಂದು ತಳ್ಳಿಹಾಕುವುದು. ಮುಂದಿನ ಭಾಗದ ಬಗೆಗೆ ಊಹಿಸುವ ಓದುಗನಿಗೆ ಮೊದಲನೆಯದು ಸಾಕಾಗಬಹುದು, ಏಕೆಂದರೆ ಮುಂದೆ ಏನು ಬೇಕಾದರೂ ಆಗಬಹುದು. ಹಿಂದಿನ ಕಥೆಯನ್ನು ಊಹಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಊಹೆಗೆ ಈಗಾಗಲೇ ಅಚ್ಚಾದ ಸಾವಿರಕ್ಕೂ ಹೆಚ್ಚು ಪುಟಗಳು ಸಾಕ್ಷಿ ನಿಂತಿವೆ. ಅವುಗಳಲ್ಲಿ ಒಂದು ವಾಕ್ಯ ಅಡ್ಡಬಂದರೂ ಊಹೆ ಬೀಳುತ್ತದೆ. ಹೀಗಾಗಿ ಪೂರ್ವಕಥೆಗೆ ಕಾಯುವ ಮಗು ತಾನು ಅರಿಯದೆಯೇ ಗ್ರಂಥಸಂಪಾದಕನ ಕೆಲಸವನ್ನು ಮಾಡುತ್ತದೆ: ಹಳೆಯ ಪುಸ್ತಕವನ್ನು ಮತ್ತೆ ತೆರೆದು, ಎಲ್ಲಿ ಏನು ಹೇಳಿದೆ, ಎಲ್ಲಿ ಹೇಳದೆ ಬಿಟ್ಟಿದೆ ಎಂದು ಸಾಲು ಸಾಲಾಗಿ ಹುಡುಕುತ್ತದೆ.

ಪುಲ್‌ಮನ್ ಅವರ ಓದುಗರಿಗೆ ಸಿಕ್ಕಿದ್ದ ಸಾಕ್ಷ್ಯವನ್ನೇ ನೋಡೋಣ. ‘ನಾರ್ದರ್ನ್ ಲೈಟ್ಸ್’ನಲ್ಲಿ ದೋಣಿಗಳಲ್ಲಿ ಬಾಳುವ ಜಿಪ್ಷಿಯನ್ ಜನರ ದೊರೆ ಜಾನ್ ಫಾ, ಲೈರಾಳಿಗೆ ಅವಳ ಹುಟ್ಟಿನ ವೃತ್ತಾಂತವನ್ನು ಹೇಳುತ್ತಾನೆ. ಅವಳು ಲಾರ್ಡ್ ಆಸ್ರಿಯಲ್ ಮತ್ತು ಶ್ರೀಮತಿ ಕೋಲ್ಟರ್ ಅವರ ಮಗಳು. ಕೋಲ್ಟರ್ ಅವರ ಗಂಡನನ್ನು ಆಸ್ರಿಯಲ್ ಕೊಂದ. ನ್ಯಾಯಾಲಯ ಅವನ ಆಸ್ತಿಯನ್ನೆಲ್ಲ ಕಸಿದುಕೊಂಡಿತು. ಮಗುವನ್ನು ವಾಟ್ಲಿಂಗ್ಟನ್ನಿನ ಸನ್ಯಾಸಿನಿಯರ ವಶಕ್ಕೆ ಕೊಡಲಾಯಿತು. ಆಸ್ರಿಯಲ್ ಅದನ್ನು ಅಲ್ಲಿಂದ ತಂದು ಆಕ್ಸ್‌ಫರ್ಡಿನ ಜೋರ್ಡಾನ್ ಕಾಲೇಜಿನಲ್ಲಿ ಬಿಟ್ಟ. ಅದೇ ಮಾತಿನ ನಡುವೆ, 53ರ ಪ್ರವಾಹದಲ್ಲಿ ಆಸ್ರಿಯಲ್ ಎರಡು ಬಾರಿ ನೀರಿಗೆ ಧುಮುಕಿ ಇಬ್ಬರು ಜಿಪ್ಷಿಯನ್ ಎಳೆಯರನ್ನು ಉಳಿಸಿದನೆಂಬ ಒಂದು ವಾಕ್ಯವೂ ಹಾದುಹೋಗುತ್ತದೆ. ಮೊದಲ ಓದಿನಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. 2003ರಲ್ಲಿ ಬಂದ ‘ಲೈರಾಸ್ ಆಕ್ಸ್‌ಫರ್ಡ್’ ಎಂಬ ಪುಟ್ಟ ಪುಸ್ತಕವಂತೂ ಊಹೆಗೆಂದೇ ಕಟ್ಟಿದ ಬುತ್ತಿಯಂತಿತ್ತು: ಮಡಿಸಿಟ್ಟ ನಕ್ಷೆ, ಒಂದು ಅಂಚೆಕಾರ್ಡು, ‘ಜೆನೋಬಿಯಾ’ ಎಂಬ ಹಡಗಿನ ಪ್ರವಾಸಪತ್ರಿಕೆ. ಇವೆಲ್ಲ ಯಾವ ಕಥೆಗೆ ಸೇರಿದವು ಎಂಬುದನ್ನು ಲೇಖಕರು ಹೇಳಲಿಲ್ಲ.

ಇಷ್ಟು ಸಾಮಗ್ರಿಯಿಂದ ನಾನು ಕಟ್ಟಿಕೊಂಡಿದ್ದ ಊಹೆ ಹೀಗಿತ್ತು. ಪುಸ್ತಕ ಆಸ್ರಿಯಲ್‌ನದಾಗುತ್ತದೆ, ಅವನ ಪ್ರೇಮ, ಅವನ ಕೊಲೆ, ಅವನ ವಿಚಾರಣೆ ಅದರ ಬೆನ್ನೆಲುಬಾಗುತ್ತವೆ. ಜಾನ್ ಫಾ ಹತ್ತು ವಾಕ್ಯಗಳಲ್ಲಿ ಹೇಳಿದ್ದನ್ನು ಲೇಖಕರು ಐನೂರು ಪುಟಗಳಲ್ಲಿ ಹೇಳುತ್ತಾರೆ. ನನ್ನ ಪ್ರತಿಯೊಂದು ಊಹೆಗೂ ಹಳೆಯ ಪುಸ್ತಕದ ಆಧಾರವಿತ್ತು, ಯಾವುದಕ್ಕೂ ಅದರ ಅಡ್ಡಿ ಇರಲಿಲ್ಲ.

ಬಂದ ಪುಸ್ತಕ ‘ಲಾ ಬೆಲ್ ಸೊವಾಜ್’ ಮ್ಯಾಲ್ಕಮ್ ಪೋಲ್ಸ್ಟೆಡ್ ಎಂಬ ಹನ್ನೊಂದು ವರ್ಷದ ಹುಡುಗನದಾಗಿತ್ತು. ಹಳೆಯ ಮೂರು ಪುಸ್ತಕಗಳಲ್ಲಿ ಎಲ್ಲಿಯೂ ಹೆಸರಿಲ್ಲದವನು. ಆಕ್ಸ್‌ಫರ್ಡಿನ ಹೊರಗೆ, ಥೇಮ್ಸ್ ನದಿಯ ದಂಡೆಯ ಗಾಡ್‌ಸ್ಟೋದಲ್ಲಿರುವ ಟ್ರೌಟ್ ಎಂಬ ಪಾನಗೃಹದ ಯಜಮಾನನ ಮಗ. ಪುಸ್ತಕದ ಹೆಸರು ಅವನ ಸಣ್ಣ ದೋಣಿಯ ಹೆಸರು. ಟ್ರೌಟ್ ಇಂದಿಗೂ ಅಲ್ಲಿದೆ. ಅದರ ಆಚೆ ದಂಡೆಯ ಸನ್ಯಾಸಿನಿಯರ ಮಠ ನಮ್ಮ ಲೋಕದಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿಹೋಯಿತು; ಇಂದು ಉಳಿದಿರುವುದು ಪಾಳುಬಿದ್ದ ಗೋಡೆಗಳು ಮಾತ್ರ. ಲೈರಾಳ ಲೋಕದಲ್ಲಿ ಅದು ನಡೆಯುತ್ತಿರುವ ಮಠ, ಹಸುಗೂಸು ಇರುವುದು ಅಲ್ಲಿ. ವಾಟ್ಲಿಂಗ್ಟನ್ ಎಂದು ನಂಬಿ ಕುಳಿತಿದ್ದ ನಮಗೆ ಗಾಡ್‌ಸ್ಟೋ ಸಿಕ್ಕಿತು! ಎರಡು ಭಾಗಗಳ ಪುಸ್ತಕದಲ್ಲಿ ಎರಡನೆಯ ಭಾಗಕ್ಕೆ ‘ಪ್ರವಾಹ’ ಎಂದೇ ಹೆಸರು. ಜಾನ್ ಫಾ ಹೇಳಿದ ಪ್ರವಾಹವೇ ಇದು ಎಂದು ನಾನು ವಾದಿಸುವುದಿಲ್ಲ; ಆದರೆ ಆಸ್ರಿಯಲ್ ಮತ್ತು ನೀರು, ನೀರು ಮತ್ತು ಮಕ್ಕಳು ಎಂಬ ನಂಟು 1995ರ ಆ ಒಂದು ವಾಕ್ಯದಲ್ಲಿಯೇ ಇತ್ತು.

ಆಸ್ರಿಯಲ್ ಈ ಪುಸ್ತಕದಲ್ಲಿ ಬಂದು ಹೋಗುವುದು ಕೆಲವೇ ಪುಟಗಳಲ್ಲಿ. ಒಂದು ರಾತ್ರಿ ಮಠಕ್ಕೆ ಬಂದು, ಮಗುವನ್ನು ಎತ್ತಿಕೊಂಡು ಬೆಳದಿಂಗಳ ತೋಟದಲ್ಲಿ ಅಡ್ಡಾಡುತ್ತಾನೆ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು ಮ್ಯಾಲ್ಕಮ್‌ನ ದೋಣಿಯನ್ನು ಎರವಲು ಪಡೆಯುತ್ತಾನೆ. ಮುಂದೆ ಆ ದೋಣಿಯನ್ನು ಮೊದಲಿಗಿಂತ ಚೆನ್ನಾಗಿ ದುರಸ್ತಿ ಮಾಡಿಸಿ ಹಿಂದಿರುಗಿಸುತ್ತಾನೆ. ಹಳೆಯ ಪುಸ್ತಕಗಳಲ್ಲಿ ಮಗಳ ಮುಂದೆ ಕಲ್ಲಿನಂತಿದ್ದ ಮನುಷ್ಯನ ಬಗೆಗೆ ನನಗೆ ಬೇಕಾಗಿದ್ದುದು ಆ ಒಂದು ರಾತ್ರಿಯಲ್ಲಿ ಸಿಕ್ಕಿತು. ನಾನು ಊಹಿಸಿದ್ದ ಐನೂರು ಪುಟಗಳ ವಿಚಾರಣೆಯಿಂದ ಅದು ಸಿಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ನಾವು ಊಹಿಸಿದ ಘಟನೆಗಳನ್ನೇ ನಡೆಸಿಕೊಡುವ ಪೂರ್ವಕಥೆ ಬಿಟ್ಟಸ್ಥಳ ತುಂಬಿದ ಪ್ರಶ್ನೆಪತ್ರಿಕೆಯಾಗುತ್ತದೆ. ಘಟನೆ ನಮಗೆ ಗೊತ್ತು. ಅದನ್ನು ಯಾರ ಕಣ್ಣಿನಿಂದ ನೋಡಬೇಕು ಎಂಬುದನ್ನು ಆರಿಸುವುದೇ ಲೇಖಕನ ಕೆಲಸ. ಪುಲ್‌ಮನ್ ಅದನ್ನು ಪಾನಗೃಹದಲ್ಲಿ ತಟ್ಟೆ ಎತ್ತುವ ಹುಡುಗನಿಗೆ ಒಪ್ಪಿಸಿದರು.

ಹಾಗಾದರೆ ಓದುಗರ ಊಹೆ ವ್ಯರ್ಥವಾಯಿತೇ ಎಂದು ಕೇಳಬಹುದು. ಮ್ಯಾಲ್ಕಮ್‌ನೊಡನೆ ಆ ದೋಣಿಯಲ್ಲಿ ಪಾತ್ರೆ ತೊಳೆಯುವ ಹುಡುಗಿಯೊಬ್ಬಳು ಇದ್ದಾಳೆ. ಹದಿನೈದರ ಆಸುಪಾಸಿನ ವಯಸ್ಸು, ಮುಖ ಸಿಡುಕು, ಹೆಸರು ಆಲಿಸ್ ಪಾರ್ಸ್ಲೋ. ಆ ಕುಲನಾಮವನ್ನು ಓದಿದ ಕೂಡಲೇ ಹಳೆಯ ಓದುಗರ ಎದೆ ಝಲ್ಲೆಂದಿರುತ್ತದೆ, ಏಕೆಂದರೆ ‘ನಾರ್ದರ್ನ್ ಲೈಟ್ಸ್’ನಲ್ಲಿ ಲೈರಾ ಯಾರನ್ನು ಉಳಿಸಲೆಂದು ಉತ್ತರಕ್ಕೆ ಹೊರಟು, ತಿಳಿಯದೆ ತಾನೇ ಸಾವಿನೆಡೆಗೆ ಕರೆದೊಯ್ದಳೋ ಆ ಅಡುಗೆಮನೆಯ ಹುಡುಗ ರೋಜರನದೂ ಪಾರ್ಸ್ಲೋ ಎಂಬ ಕುಲನಾಮವೇ. ಮೊದಲ ಸಂಪುಟ ಈ ಬಗೆಗೆ ಏನನ್ನೂ ಬಿಡಿಸಿ ಹೇಳುವುದಿಲ್ಲ. 2019ರಲ್ಲಿ ಬಂದ ಎರಡನೆಯ ಸಂಪುಟ ‘ದಿ ಸೀಕ್ರೆಟ್ ಕಾಮನ್‌ವೆಲ್ತ್’ನಲ್ಲಿ ಲೈರಾಳಿಗೆ ಇಪ್ಪತ್ತು ವರ್ಷ. ಜೋರ್ಡಾನ್ ಕಾಲೇಜಿನಲ್ಲಿ ಅವಳನ್ನು ಮಗುವಿನಿಂದ ನೋಡಿಕೊಂಡ ಗೃಹಪಾಲಕಿ ಶ್ರೀಮತಿ ಲಾನ್ಸ್‌ಡೇಲ್ ಬೇರೆ ಯಾರೂ ಅಲ್ಲ, ಆ ಆಲಿಸಳೇ ಎಂದು ಅಲ್ಲಿ ತಿಳಿಯುತ್ತದೆ. 1995ರಲ್ಲಿ ಲೈರಾಳನ್ನು ಗದರಿಸಿ ಕೊಳೆ ತಿಕ್ಕಿ ತೊಳೆಯುವ ಕೆಲಸಕ್ಕಷ್ಟೇ ಬಂದು ಹೋದ ಹೆಂಗಸು, ಇಪ್ಪತ್ತನಾಲ್ಕು ವರ್ಷಗಳ ನಂತರ, ಪ್ರವಾಹದಲ್ಲಿ ಆ ಮಗುವನ್ನು ಬದುಕಿಸಿ ದಡ ಸೇರಿಸಿದವಳಾಗಿ ನಮ್ಮ ಮುಂದೆ ನಿಲ್ಲುತ್ತಾಳೆ. ಹಳೆಯ ಪುಸ್ತಕವನ್ನು ಊಹೆಗಾಗಿ ಜಾಲಾಡಿದವನಿಗೆ ಮಾತ್ರ ಆ ಗದರಿಕೆಯ ಮಾತುಗಳು ಈಗ ಬೇರೆಯಾಗಿ ಕೇಳಿಸುತ್ತವೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಹೊಸ ಮಾಲೆಯನ್ನು ಘೋಷಿಸಿದ ದಿನ, ಅದರ ನಡುವಿರುವ ಹೋರಾಟ ಯಾವುದೆಂದು ಪುಲ್‌ಮನ್ ಹೇಳಿದ್ದರು: ಒಂದು ಕಡೆ ಊಹೆಯನ್ನೂ ವಿಚಾರಣೆಯನ್ನೂ ಉಸಿರುಗಟ್ಟಿಸಬಯಸುವ ಸರ್ವಾಧಿಕಾರದ ಸಂಸ್ಥೆ, ಇನ್ನೊಂದು ಕಡೆ ಚಿಂತನೆ ಮತ್ತು ಮಾತು ಮುಕ್ತವಾಗಿರಬೇಕೆಂದು ನಂಬುವವರು. ನಾನು ಆ ಹೇಳಿಕೆಯನ್ನು ಓದಿದಾಗ ‘ಊಹೆ’ ಎಂಬ ಪದದ ಮೇಲೆ ಕಣ್ಣು ನಿಂತಿತು. ಕಥೆಯೊಳಗೆ ಡಸ್ಟ್ ಎಂದರೆ ಏನಿರಬಹುದು ಎಂದು ಕೇಳಿದ ವಿದ್ವಾಂಸರು ಕಾಣೆಯಾಗುತ್ತಾರೆ, ನದಿಯಲ್ಲಿ ಹೆಣವಾಗಿ ಸಿಗುತ್ತಾರೆ. ಕಥೆಯ ಹೊರಗೆ ಹನ್ನೆರಡು ವರ್ಷದ ಓದುಗಳೊಬ್ಬಳು ಅದೇ ಪ್ರಶ್ನೆಯನ್ನು ಹಾಸಿಗೆಯ ಮೇಲೆ ಮಲಗಿ, ಹಳೆಯ ಪುಸ್ತಕದ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದುಕೊಂಡು, ಅಕ್ಟೋಬರ್ ತಿಂಗಳಿಗಾಗಿ ಕಾಯುತ್ತಾಳೆ.