ಊರು ಕದಲಲಿಲ್ಲ, ರಾಜ್ಯ ಬದಲಾಯ್ತು: ದೇಶದ ಮೇಲಿನ ಪ್ರೀತಿ ಬರೋದು ಎಲ್ಲಿಂದ?

[ದೃಶ್ಯ: ಹರಿಹರದ ತುಂಗಭದ್ರಾ ಸೇತುವೆ, ಬೆಳಗಿನ ಜಾವ. ಲಾರಿ, ಬೈಕುಗಳ ಓಡಾಟ.]

ನಮಸ್ಕಾರ. ಕನ್ನಡದಲ್ಲಿ ಒಂದು ಪದ ಇದೆ, ಪರದೇಶಿ. ಬಿಡಿಸಿ ನೋಡಿದರೆ ಬೇರೆ ದೇಶದವನು ಅಂತ ಅರ್ಥ. ಆದರೆ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಯಾರಾದರೂ "ಪಾಪ, ಪರದೇಶಿ ಆಗಿಬಿಟ್ಟ" ಅಂದರೆ ಅವನು ದುಬೈಗೆ ಹೋದ ಅಂತಲ್ಲ. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ. ಹಸಿದರೆ ಕರೆಯೋರಿಲ್ಲ, ಸತ್ತರೆ ಹೆಗಲು ಕೊಡೋರಿಲ್ಲ.

ಅಂದರೆ ನಮ್ಮ ಭಾಷೆಯ ಪ್ರಕಾರ ದೇಶ ಇಲ್ಲದವನು ಯಾರು? ನೆಲ ಇಲ್ಲದವನಲ್ಲ, ಜನ ಇಲ್ಲದವನು. ಜನಕ್ಕೆ ದೇಶದ ಮೇಲೆ ನಿಜವಾಗಿ ಪ್ರೀತಿ ಇರುತ್ತಾ, ಇದ್ದರೆ ಯಾಕೆ ಅನ್ನೋ ಪ್ರಶ್ನೆಗೆ ಈ ಒಂದು ಪದ ಹಿಡಿದುಕೊಂಡೇ ಉತ್ತರ ಹುಡುಕೋಣ.

[ದೃಶ್ಯ: ನಕ್ಷೆ. ಹರಿಹರ, ರಾಣೆಬೆನ್ನೂರು, ಹರಪನಹಳ್ಳಿ ಮೂರು ಬಣ್ಣದಲ್ಲಿ.]

ಮೊದಲು ಈ ನಕ್ಷೆ ನೋಡಿ. ಸ್ವಾತಂತ್ರ್ಯಕ್ಕೆ ಮುಂಚೆ ಹರಿಹರ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊಳೆ ದಾಟಿದರೆ ರಾಣೆಬೆನ್ನೂರು ಸೀಮೆ. ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ಈ ಕಡೆ ಹರಪನಹಳ್ಳಿ, ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಎತ್ತಿನಗಾಡಿಯಲ್ಲಿ ಒಂದೆರಡು ದಿನದ ದಾರಿ, ಅಷ್ಟರಲ್ಲೇ ಮೂರು ಆಡಳಿತ. ಹೆಣ್ಣು ಕೊಟ್ಟು ತಂದಿದ್ದು, ಜಾತ್ರೆಗೆ ಹೋಗಿದ್ದು, ದನ ಮಾರಿದ್ದು ಎಲ್ಲಾ ಈ ಗೆರೆ ದಾಟಿಯೇ.

ಈಗ 1940ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಒಬ್ಬ ಅಜ್ಜಿ ಇದ್ದಾರೆ ಅಂದುಕೊಳ್ಳಿ. ಹುಟ್ಟಿದಾಗ ಮದ್ರಾಸ್ ಪ್ರಾಂತ್ಯ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿಯ ಹೆಚ್ಚಿನ ತಾಲ್ಲೂಕುಗಳ ಜೊತೆ ಮೈಸೂರಿಗೆ ಸೇರಿದರು. 1973ರ ನವೆಂಬರ್ 1ಕ್ಕೆ ಕರ್ನಾಟಕದವರಾದರು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿತು, ಆಗ ದಾವಣಗೆರೆಯವರು. ಆಮೇಲೆ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ. ಅಜ್ಜಿ ಇದ್ದ ಮನೆಯ ಹೊಸ್ತಿಲು ಮಾತ್ರ ಒಂದಿಂಚೂ ಕದಲಿಲ್ಲ.

ದಾವಣಗೆರೆ ಹತ್ತಿರದಲ್ಲೇ ಇದ್ದರೂ ಹರಪನಹಳ್ಳಿಯವರು ಬಳ್ಳಾರಿಗೆ ಸೇರಬೇಕು ಅಂತ ಹೋರಾಡಿದ್ದು ಯಾಕೆ? ಕಾರಣ ಸಂವಿಧಾನದ 371ಜೆ ವಿಧಿ. ಹಿಂದುಳಿದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಓದಿನಲ್ಲಿ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ವಿಧಿ ಅದು. ಬಳ್ಳಾರಿ ಅದರೊಳಗಿತ್ತು, ದಾವಣಗೆರೆ ಇರಲಿಲ್ಲ. ಇದನ್ನ ಬರೀ ಲಾಭದ ಲೆಕ್ಕ ಅಂತ ತಳ್ಳಿಹಾಕಬೇಡಿ. ನಮ್ಮ ಮಕ್ಕಳ ಕೈ ಹಿಡಿಯೋರು ಯಾರು ಅಂತ ಜನ ಕೇಳಿದ ಪ್ರಶ್ನೆ ಅದು. ಯಾರು ಕೈ ಹಿಡೀತಾರೋ ಅವರು ನಮ್ಮವರು. ಪ್ರೀತಿಯ ಒಂದು ಬೇರು ಇಲ್ಲಿದೆ.

[ದೃಶ್ಯ: ಚಿತ್ರದುರ್ಗದ ಕೋಟೆ. ಒಬ್ಬರು ಮಾತ್ರ ತೂರಬಹುದಾದ ಬಂಡೆಯ ಸಂದು.]

ಇನ್ನೊಂದು ಬೇರು ಇಲ್ಲಿದೆ, ಓಬವ್ವನ ಕಿಂಡಿಯಲ್ಲಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುವಾಗ ಒನಕೆ ಹಿಡಿದು ನಿಂತವಳು ಓಬವ್ವ. ಕೋಟೆ ಕೊನೆಗೆ 1779ರಲ್ಲಿ ಬಿತ್ತು. ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತೆ. ಭಾಷಣಗಳಲ್ಲಿ ಅವಳನ್ನ ದೇಶಭಕ್ತೆ ಅಂತ ಕರೀತಾರೆ. ನಮಗೆ ಅನ್ನಿಸೋದು ಬೇರೆ. ಅವಳ ಕಾಲಕ್ಕೆ ಭಾರತ ಅನ್ನೋ ರಾಜ್ಯವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಅವಳು ಕಾದಿದ್ದು ಕೋಟೆಯೊಳಗಿನ ಜನವನ್ನ, ಊಟಕ್ಕೆ ಕೂತಿದ್ದ ಕಾವಲುಗಾರ ಗಂಡನ ಪಾಳಿಯನ್ನ. ಇದರಿಂದ ಅವಳ ತೂಕ ಕಡಿಮೆ ಆಗೋದಿಲ್ಲ, ಹೆಚ್ಚುತ್ತೆ. ದೇಶ ಅನ್ನೋ ಕಲ್ಪನೆ ಬರೋಕೆ ಮುಂಚೆಯೇ, ನಮ್ಮವರ ಬಾಗಿಲು ನಾವು ಕಾಯಬೇಕು ಅನ್ನೋ ಭಾವ ಇತ್ತು. ದೇಶ ಆಮೇಲೆ ಆ ಭಾವವನ್ನ ಸಾಲ ತಗೊಂಡಿತು.

ಹಾಗಾದರೆ ಕಣ್ಣೆದುರಿನ ನೂರಿನ್ನೂರು ಜನಕ್ಕಿದ್ದ ಭಾವ, ಯಾವತ್ತೂ ನೋಡದ ಕೋಟ್ಯಂತರ ಜನಕ್ಕೆ ಹಬ್ಬಿದ್ದು ಹೇಗೆ?

[ದೃಶ್ಯ: ಹಳೆಯ ಮೈಸೂರು ಸಂಸ್ಥಾನದ ನಕ್ಷೆ, ಗಂಡಭೇರುಂಡ.]

ನಮ್ಮ ಭಾಗದಲ್ಲಿ ಇದು ಸಲೀಸಾಗಿ ಆಗಲಿಲ್ಲ. ಮೈಸೂರು ಸಂಸ್ಥಾನಕ್ಕೆ ಅದರದ್ದೇ ಬಾವುಟ ಇತ್ತು, ಅದರದ್ದೇ ನಾಡಗೀತೆ ಇತ್ತು. ಮಹಾರಾಜರ ಮೇಲೆ ಜನಕ್ಕೆ ನಿಜವಾದ ಗೌರವ ಇತ್ತು. ಹಿರಿಯೂರಿನ ವಾಣಿವಿಲಾಸ ಸಾಗರ ಕಟ್ಟಿದ್ದು ಅದೇ ಸಂಸ್ಥಾನ, 1907ರ ಹೊತ್ತಿಗೆ ಮುಗಿದ ಅಣೆಕಟ್ಟು ಅದು. ಅಂಥ ಜನವೇ 1938ರಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸೋಕೆ ಹೋಗಿ ಬಂಧನಕ್ಕೊಳಗಾದರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಹೆಂಡ ಇಳಿಸೋ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು, ಎಸ್. ನಿಜಲಿಂಗಪ್ಪ ಜೈಲಿಗೆ ಹೋದರು. 1947ರ ಆಗಸ್ಟ್ 15ರ ನಂತರವೂ ಇಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡೋ ಸರ್ಕಾರ, ಬಂದಿರಲಿಲ್ಲ. ಅದಕ್ಕೆ ಮೈಸೂರು ಚಲೋ ಚಳವಳಿ ಆಗಬೇಕಾಯಿತು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮಹಾರಾಜರನ್ನ ಗೌರವಿಸೋದು, ಅವರ ಸರ್ಕಾರವನ್ನ ಎದುರಿಸೋದು, ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡ ಜನ ಅವರು. ಸರ್ಕಾರವನ್ನ ಪ್ರಶ್ನಿಸಿದರೆ ದೇಶದ ಮೇಲೆ ಪ್ರೀತಿ ಇಲ್ಲ ಅನ್ನೋ ಮಾತು ಈ ಮಣ್ಣಿನ ಅನುಭವಕ್ಕೆ ಹೊಂದೋದಿಲ್ಲ.

ಶಿವಪುರದಲ್ಲಿ ಬಂಧನಕ್ಕೊಳಗಾದವರಲ್ಲಿ ದಾವಣಗೆರೆಯಲ್ಲಿ ನೆಲೆಸಿದ್ದ ಬಳ್ಳಾರಿ ಸಿದ್ದಮ್ಮ ಒಬ್ಬರು. ಮುಂದೆ ಅವರು ದಾವಣಗೆರೆಯಲ್ಲಿ ಹೆಂಗಸರು, ಮಕ್ಕಳಿಗಾಗಿ ಮಾತೃಮಂದಿರ ಕಟ್ಟಿದರು. ಬಾವುಟ ಹಿಡಿದ ಕೈ ಆಮೇಲೆ ಮಾಡಿದ್ದು ಏನು ನೋಡಿ. ಯಾರೂ ಪರದೇಶಿ ಆಗಬಾರದು ಅಂತ ಒಂದು ಸೂರು.

[ದೃಶ್ಯ: ಬಿಳಿ ಹಲಗೆ. ಚುಕ್ಕಿಗಳ ಚಿತ್ರ.]

ಈಗ ಸ್ವಲ್ಪ ಮನಃಶಾಸ್ತ್ರ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಅನ್ನೋ ವಿಜ್ಞಾನಿ ಶಾಲಾ ಹುಡುಗರ ಮೇಲೆ ಪ್ರಯೋಗ ಮಾಡಿದರು. ಪರದೆ ಮೇಲಿನ ಚುಕ್ಕಿಗಳನ್ನ ಹೆಚ್ಚು ಅಂದಾಜು ಮಾಡಿದವರು ಒಂದು ಗುಂಪು, ಕಡಿಮೆ ಮಾಡಿದವರು ಇನ್ನೊಂದು ಗುಂಪು ಅಂತ ಹುಡುಗರಿಗೆ ಹೇಳಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತ ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚು ಅಂದಾಗ ತನ್ನ ಗುಂಪಿಗೆ ಜಾಸ್ತಿ ಕೊಟ್ಟರು. ಅಷ್ಟೇ ಅಲ್ಲ. ಇಂಥದ್ದೇ ಇನ್ನೊಂದು ಪ್ರಯೋಗದಲ್ಲಿ, ತನ್ನ ಗುಂಪಿಗೆ ಸಿಗೋ ಮೊತ್ತ ಕಡಿಮೆ ಆದರೂ ಪರವಾಗಿಲ್ಲ, ಆ ಗುಂಪಿಗಿಂತ ಮೇಲಿರಬೇಕು ಅನ್ನೋ ಆಯ್ಕೆಗೂ ಹೋದರು. ಇಬ್ಬರಿಗೂ ಲಾಭ ಆಗೋ ದಾರಿ ಎದುರಿಗೇ ಇತ್ತು.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. "ನಾವು" ಅನ್ನೋದು ಬಹಳ ಸುಲಭಕ್ಕೆ ಹುಟ್ಟುತ್ತೆ. ಅದು ಹಳಿ ತಪ್ಪೋದೂ ಅಷ್ಟೇ ಸುಲಭ. 1989ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಈ ಎರಡನ್ನ ಬೇರೆ ಬೇರೆ ಅಳೆಯಿತು: ನನ್ನ ದೇಶ ಅಂದರೆ ನನಗೆ ಇಷ್ಟ ಅನ್ನೋದು ಒಂದು, ನನ್ನ ದೇಶ ಉಳಿದವರನ್ನ ಆಳಬೇಕು ಅನ್ನೋದು ಇನ್ನೊಂದು. ಮೊದಲನೆಯದು ಹೆಚ್ಚಿದ್ದ ಮಾತ್ರಕ್ಕೆ ಎರಡನೆಯದೂ ಹೆಚ್ಚಿರಬೇಕು ಅಂತೇನಿಲ್ಲ.

ಹಾಗಾಗಿ "ನಿಮಗೆ ದೇಶಪ್ರೇಮ ಇದೆಯಾ" ಅಂತ ಕೇಳೋ ಸಮೀಕ್ಷೆಗಳಿಂದ ಹೆಚ್ಚೇನೂ ತಿಳಿಯೋದಿಲ್ಲ. ಮೈಕು ಹಿಡಿದು ದಾವಣಗೆರೆಯ ಜಯದೇವ ವೃತ್ತದಲ್ಲಿ ಕೇಳಿ, ಎಲ್ಲರೂ ಇದೆ ಅಂತಾರೆ. ನಾಲ್ಕು ಜನರ ಎದುರು ಇಲ್ಲ ಅನ್ನೋರು ಯಾರು? ಕಾಲೇಜು ಮಕ್ಕಳು ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದರೆ ಪ್ರಶ್ನೆ ಬದಲಾಯಿಸಿ. ಹೆಸರು ಬರೆಸಬೇಡಿ, ಚೀಟಿಯಲ್ಲಿ ಉತ್ತರ ತಗೊಳ್ಳಿ. "ಕಷ್ಟ ಬಂದರೆ ಗುರುತಿಲ್ಲದ ಊರಿನಲ್ಲೂ ಸಹಾಯ ಸಿಗುತ್ತೆ ಅನ್ನೋ ನಂಬಿಕೆ ಇದೆಯಾ?" "ನಿಮ್ಮ ತೆರಿಗೆಯಿಂದ ನೀವು ನೋಡದ ಜಿಲ್ಲೆಗೆ ನೀರು ಹೋದರೆ ಸರಿಯೇ?" "ದೇಶದ ಯಾವ ಸಂಗತಿ ನಿಮಗೆ ನಾಚಿಕೆ ತರುತ್ತೆ?" ಈ ಮೂರನೆಯ ಪ್ರಶ್ನೆ ಬಿಡಲೇಬೇಡಿ. ನಮ್ಮದಲ್ಲದ ಮನೆ ಸೋರಿದರೆ ಯಾರೂ ನಾಚಿಕೆ ಪಡೋದಿಲ್ಲ.

[ದೃಶ್ಯ: ಮಾರಿಕಣಿವೆ. ಕೋಡಿ ಬಿದ್ದು ಹರಿಯುವ ನೀರು.]

ನೀರಿನ ಮಾತು ಬಂತಲ್ಲ. ಹಿರಿಯೂರಿನವರ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರಲ್ಲಿ, 89 ವರ್ಷದ ನಂತರ. ಮತ್ತೆ 2025ರ ಜನವರಿಯಲ್ಲಿ. ಈಗ ಅದಕ್ಕೆ ವೇದಾವತಿಯ ನೀರಷ್ಟೇ ಅಲ್ಲ, ಭದ್ರಾ ಮೇಲ್ದಂಡೆ ಯೋಜನೆಯಿಂದ ಮಲೆನಾಡಿನ ಕಡೆಯ ನೀರೂ ಬರುತ್ತೆ. ಪಶ್ಚಿಮಘಟ್ಟದ ಮಳೆ ಬಯಲುಸೀಮೆಯ ತೋಟಕ್ಕೆ ಬರಬೇಕಾದರೆ ಯಾರದೋ ಜಮೀನು ಕಾಲುವೆಗೆ ಹೋಗಿರುತ್ತೆ, ಯಾರದೋ ದುಡ್ಡು ಪಂಪಿಗೆ ಹೋಗಿರುತ್ತೆ. ನೋಡದ ಜನದ ಜೊತೆ ಸಂಬಂಧ ಬೆಳೆಯೋದು ಹೀಗೆ, ನೀರು, ರೈಲು, ರೇಷನ್ ಅಕ್ಕಿಯ ಮೂಲಕ.

[ದೃಶ್ಯ: ಚಳ್ಳಕೆರೆ ಕಡೆಯ ಬಯಲು. ದೂರದವರೆಗೆ ಹುಲ್ಲು, ಅದರ ನಡುವೆ ಗೋಡೆ.]

ಆ ಸಂಬಂಧದ ದಾರ ಎಲ್ಲಿ ಬಿಗಿಯಾಗಿ ಎಳೆಯುತ್ತೆ ಅಂತ ನೋಡೋಕೆ ಚಳ್ಳಕೆರೆ ಕಡೆ ಬನ್ನಿ. 2023ರ ಏಪ್ರಿಲ್ 2ರಂದು ಇಸ್ರೋ ರೆಕ್ಕೆ ಇರುವ ಮರುಬಳಕೆ ವಾಹನವನ್ನ ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅದು ತಾನಾಗಿಯೇ ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಜಿಲ್ಲೆಯವರೆಲ್ಲಾ ಹೆಮ್ಮೆಪಟ್ಟರು, ಪಡಬೇಕಾದ್ದೇ. ಆದರೆ ಇಸ್ರೋ ಮತ್ತಿತರ ಸಂಸ್ಥೆಗಳಿಗೆ ಅಂತ ಇಲ್ಲಿ ಕೊಟ್ಟ ಸುಮಾರು 10,000 ಎಕರೆ ನೆಲ ಅಮೃತಮಹಲ್ ಕಾವಲು. ಹಳ್ಳಿಗಳ ದನ, ಕುರಿ, ದೇವರ ಎತ್ತುಗಳು ಮೇಯುತ್ತಿದ್ದ ಹುಲ್ಲುಗಾವಲು. ಗೋಡೆ ಬಂದಾಗ ಹಳ್ಳಿಯವರು ವಿರೋಧಿಸಿದರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ರಾಕೆಟ್ಟೂ ದೇಶದ್ದೇ, ಹುಲ್ಲೂ ದೇಶದ್ದೇ. ಗೋಡೆಯಾಚೆ ನಿಂತ ದನಗಾಹಿಗೆ "ನೀನು ದೇಶಕ್ಕೋಸ್ಕರ ಬಿಟ್ಟುಕೊಡು" ಅನ್ನೋದು ಸುಲಭ. ಅವನ ದನಕ್ಕೆ ಮೇವು ಎಲ್ಲಿ ಅಂತ ಕೇಳೋರು ಯಾರೂ ಇಲ್ಲದಿದ್ದರೆ, ಅವನು ತನ್ನ ಊರಲ್ಲೇ ಪರದೇಶಿ. ಪ್ರೀತಿ ಬತ್ತೋದು ಇಂಥ ಜಾಗದಲ್ಲಿ, ಪಠ್ಯಪುಸ್ತಕದಲ್ಲಿ ಒಂದು ಪಾಠ ಕಡಿಮೆ ಆಗಿದ್ದಕ್ಕಲ್ಲ.

[ದೃಶ್ಯ: ಶಾಲೆಯ ಅಂಗಳ. ಧ್ವಜಕಂಬ, ರಾಟೆ, ಹಗ್ಗ.]

ಕೊನೆಗೆ ಶಾಲೆಗೆ ಬರೋಣ. ಈ ಭಾಗ ಆಗಸ್ಟ್ 15ರ ತಯಾರಿ ಮಾಡೋ ಮೇಷ್ಟ್ರುಗಳಿಗೆ, ಮೇಡಂಗಳಿಗೆ. 2009ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಒಂದು ಸಂಗತಿ ಕಂಡುಕೊಂಡರು. ಒಟ್ಟಿಗೆ ಹೆಜ್ಜೆ ಹಾಕಿದವರು, ಒಟ್ಟಿಗೆ ಹಾಡಿದವರು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ಸಹಕರಿಸುತ್ತಾರೆ. ಹಾಡೋಕೆ ಅವರು ಕೊಟ್ಟಿದ್ದು ಕೆನಡಾದ ರಾಷ್ಟ್ರಗೀತೆ! ಬೇರೆ ದೇಶದ ಗೀತೆಯೇ ಜನವನ್ನ ಹತ್ತಿರ ತಂದಿತು ಅಂದರೆ ಅಲ್ಲಿ ಕೆಲಸ ಮಾಡಿದ್ದು ದನಿಗೆ ದನಿ ಕೂಡಿದ್ದು.

ಆದ್ದರಿಂದ ಧ್ವನಿವರ್ಧಕದಲ್ಲಿ ರೆಕಾರ್ಡ್ ಹಾಕಿ ಮಕ್ಕಳನ್ನ ಸುಮ್ಮನೆ ನಿಲ್ಲಿಸಬೇಡಿ. ರಾಷ್ಟ್ರಗೀತೆ 52 ಸೆಕೆಂಡಿನದು, ಮಕ್ಕಳೇ ಹಾಡಲಿ. ಸಾಮಾನ್ಯವಾಗಿ ಕೆಡೋದು ಶ್ರುತಿ. ಮುಂದಾಳು ಉತ್ಸಾಹದಲ್ಲಿ ಎತ್ತರದ ಶ್ರುತಿಯಲ್ಲಿ ಶುರು ಮಾಡಿದರೆ ಕೊನೆಯ ಜಯಘೋಷದಲ್ಲಿ ಮಕ್ಕಳ ಗಂಟಲು ಹತ್ತೋದಿಲ್ಲ, ಅರ್ಧ ಜನ ಬಿಟ್ಟುಬಿಡ್ತಾರೆ. ಹಿಂದಿನ ದಿನ ಕೊನೆಯ ಸಾಲನ್ನ ಮೊದಲು ಹಾಡಿಸಿ, ಅದು ಆರಾಮಾಗಿ ಬರೋ ಶ್ರುತಿ ಗೊತ್ತು ಮಾಡಿ, ಅಲ್ಲಿಂದ ಆರಂಭದ ಸ್ವರಕ್ಕೆ ಇಳಿಯಿರಿ.

ಬಾವುಟದ ಉದ್ದ ಅಗಲ 3:2 ಇರಬೇಕು. ಶಾಲೆಯ ಕಂಬಕ್ಕೆ 900×600 ಮಿಲಿಮೀಟರ್ ಅಳತೆಯದು ಸಾಕು. ಖಾದಿಯದೇ ಆಗಬೇಕು ಅಂತಿಲ್ಲ, 2021ರ ಡಿಸೆಂಬರಿನ ತಿದ್ದುಪಡಿ ಆದಮೇಲೆ ಪಾಲಿಯೆಸ್ಟರಿಗೂ, ಯಂತ್ರದಲ್ಲಿ ಮಾಡಿದ್ದಕ್ಕೂ ಅನುಮತಿ ಇದೆ. ಮಡಚುವಾಗ ಕೇಸರಿ, ಹಸಿರು ಪಟ್ಟಿಗಳನ್ನ ಬಿಳಿಯ ಕೆಳಗೆ ಮಡಚಿ. ಆಮೇಲೆ ಎರಡೂ ಬದಿಯಿಂದ ಒಳಕ್ಕೆ ಮಡಚುತ್ತಾ ಬಂದರೆ ಚಕ್ರ ಮೇಲೆ ಕಾಣುತ್ತೆ. ಒಳಗೆ ಹೂವಿನ ಪಕಳೆ ಇಡೋಕೆ ಧ್ವಜಸಂಹಿತೆಯಲ್ಲೇ ಅವಕಾಶ ಇದೆ. ಆದರೆ ಒದ್ದೆ ಪಕಳೆ ಹಾಕಬೇಡಿ, ಬಟ್ಟೆಗೆ ಅಂಟಿಕೊಂಡು ಬೀಳೋದೇ ಇಲ್ಲ. ಹತ್ತಿಯ ಹಗ್ಗ ಮಳೆಗೆ ನೆನೆದರೆ ಉಬ್ಬಿ ಗಂಟು ಬಿಗಿಯುತ್ತೆ. ಅತಿಥಿಗಳು ಎಷ್ಟು ಎಳೆದರೂ ಬಾವುಟ ಬಿಚ್ಚಿಕೊಳ್ಳದೆ ಇರೋದಕ್ಕೆ ಅರ್ಧ ಪಾಲು ಇದೇ ಕಾರಣ. ಉಳಿದರ್ಧ, ಎಳೆಯಬಾರದ ಹಗ್ಗ ಎಳೆಯೋದು. ಎಳೆಯೋ ಹಗ್ಗದ ತುದಿಗೆ ಒಂದು ದಾರದ ಗುರುತು ಕಟ್ಟಿ. ಕೇಸರಿ ಮೇಲಿದೆಯೇ ಅಂತ ಇಬ್ಬರು ಬೇರೆ ಬೇರೆಯಾಗಿ ನೋಡಿ. ದೆಹಲಿಯ ಪದ್ಧತಿಯಂತೆ ಆಗಸ್ಟ್ 15ಕ್ಕೆ ಬಾವುಟ ಕೆಳಗಿಂದ ಮೇಲೇರುತ್ತೆ, ಜನವರಿ 26ಕ್ಕೆ ಮೇಲೆ ಕಟ್ಟಿದ್ದು ಅರಳುತ್ತೆ. ಏರಿಸೋದು ಚುರುಕಾಗಿ, ಇಳಿಸೋದು ನಿಧಾನವಾಗಿ.

ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಭಾಷಣ ಮಾಡಿಸಬೇಡಿ. ತಲೆಸುತ್ತಿ ಬಿದ್ದ ಮಗುವಿಗೆ ಆ ದಿನದ ನೆನಪು ಅಷ್ಟೇ ಆಗಿ ಉಳಿಯುತ್ತೆ.

[ದೃಶ್ಯ: ಸಂಜೆ. ಖಾಲಿ ಅಂಗಳ, ಮಣ್ಣಿನ ಮೇಲೆ ಚಿಕ್ಕ ಕಾಗದದ ಬಾವುಟಗಳು.]

ಕಾರ್ಯಕ್ರಮ ಮುಗಿದ ಮೇಲೆ ಹತ್ತು ನಿಮಿಷದ ಕೆಲಸ ಒಂದಿದೆ. ಮಕ್ಕಳು ಹಿಡಿದಿದ್ದ ಕಾಗದದ ಬಾವುಟಗಳನ್ನ ನೆಲದ ಮೇಲೆ ಬಿಡೋ ಹಾಗಿಲ್ಲ. ಗೇಟಿನ ಹತ್ತಿರ ಒಂದು ರಟ್ಟಿನ ಡಬ್ಬಿ ಇಡಿ, ಮನೆಗೆ ಹೋಗುವಾಗ ಅದರಲ್ಲಿ ಹಾಕಲಿ. ಹರಿದದ್ದನ್ನ, ಮಾಸಿದ್ದನ್ನ ಜನರ ಕಣ್ಣಿಗೆ ಬೀಳದ ಕಡೆ ಇಡಿಯಾಗಿ, ಗೌರವದಿಂದ ಸುಡಬೇಕು. ಪ್ಲಾಸ್ಟಿಕ್ಕಿನದನ್ನ ತರಲೇಬೇಡಿ. ಡಬ್ಬಿ ಹಿಡಿಯೋ ಕೆಲಸಕ್ಕೆ ಮುಂದಿನ ಸಾಲಲ್ಲಿ ನಿಲ್ಲೋ ಅವಕಾಶ ಸಿಗದ ಮಕ್ಕಳನ್ನೇ ಕರೆಯಿರಿ, ಹೆಸರು ಹಿಡಿದು ಕರೆಯಿರಿ.