ಕಿವಿಯಿಂದ ಕಲಿಯುವ ಹಾರಾಟ: ಕಂಪ್ಯೂಟರಿನಲ್ಲಿ ಗ್ಲೈಡರ್

ಮಾನ್ಯರೇ,

ಬೇಸಿಗೆಯ ಮಧ್ಯಾಹ್ನ ನಮ್ಮ ವಿಜಯಪುರದ ಹೊರವಲಯದಲ್ಲಿ, ರಂಟೆ ಹೊಡೆದು ಬಿಟ್ಟ ಎರೆಹೊಲಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಮೇಲೇರುವುದನ್ನು ತಾವೆಲ್ಲರೂ ನೋಡಿದ್ದೀರಿ. ಕಪ್ಪು ನೆಲ ಬಿಸಿಲನ್ನು ಹೀರಿ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರಾಗಿ ಕಂಬದಂತೆ ಮೇಲಕ್ಕೆದ್ದು, ಎತ್ತರದಲ್ಲಿ ತಣಿದಾಗ ಅದರೊಳಗಿನ ತೇವ ಅರಳೆಯಂಥ ಮೋಡವಾಗುತ್ತದೆ. ಈ ಗಾಳಿಯ ಕಂಬವೇ ಥರ್ಮಲ್; ಎಂಜಿನ್ ಇಲ್ಲದ ಗ್ಲೈಡರಿಗೆ ಇದೇ ಇಂಧನ.

ಇದು ಎಷ್ಟು ಅನಿವಾರ್ಯವೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಜರ್ಮನಿಯ ಎಎಸ್‌ಕೆ 21 ಎಂಬ ಎರಡಾಸನದ ತರಬೇತಿ ಗ್ಲೈಡರ್ ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಸುಮಾರು 34 ಕಿಲೋಮೀಟರ್ ಸಾಗಬಲ್ಲದು. ಇಲ್ಲಿಂದ ಬಸವನ ಬಾಗೇವಾಡಿ ನೇರ ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ಅಂದರೆ ಸಾವಿರ ಮೀಟರ್ ಎತ್ತರದಿಂದ ಹೊರಟವರು ನಡುವೆ ಒಂದು ಥರ್ಮಲ್ಲನ್ನಾದರೂ ಹಿಡಿಯದೆ ಊರು ಮುಟ್ಟುವುದಿಲ್ಲ.

ಈ ಹಾರಾಟವನ್ನು ಮನೆಯ ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡಿಸುವ ತಂತ್ರಾಂಶಗಳೇ ಸಿಮ್ಯುಲೇಟರುಗಳು. ಅವುಗಳಲ್ಲಿ ಫ್ಲೈಟ್‌ಗಿಯರ್ ಉಚಿತವಾದುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ 2022ರ ನವೆಂಬರಿನಲ್ಲಿ ಗ್ಲೈಡರುಗಳು ಸೇರಿದವು. ಆದರೆ ಗ್ಲೈಡರಿಗೆಂದೇ ರೂಪುಗೊಂಡ ಕಾಂಡೋರ್ ಕಲಿಯುವವರಿಗೆ ಹೆಚ್ಚು ತಕ್ಕುದು ಎಂಬುದು ನನ್ನ ಅಭಿಪ್ರಾಯ. ಜಾಯ್‌ಸ್ಟಿಕ್ ಮಾತ್ರ ಬೇಕೇ ಬೇಕು. ಹಿಡಿಯನ್ನು ತಿರುಚಿದರೆ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ, ಚಲಿಸುವಂಥದ್ದಾದರೆ ಅದಕ್ಕೆಂದು ಕಾಲಿನ ಪೆಡಲುಗಳಿಗೆ ದುಡ್ಡು ಹಾಕಬೇಕಾಗಿಲ್ಲ. ಇನ್ನೊಂದು ವಿಮಾನದ ಹಗ್ಗಕ್ಕೆ ಕಟ್ಟಿಕೊಂಡು ಏರುವ ಕೆಲಸ ಹೊಸಬರಿಗೆ ಬಲು ಕಷ್ಟ. ಅದನ್ನು ಸದ್ಯಕ್ಕೆ ಬದಿಗಿಟ್ಟು ಆಕಾಶದಿಂದಲೇ ಆರಂಭಿಸುವ ಆಯ್ಕೆಯನ್ನು ತೆಗೆದುಕೊಳ್ಳಿ.

ಮೊದಲು ಗಮನಿಸಬೇಕಾದದ್ದು ಎದುರಿನ ಗಾಜಿಗೆ ಅಂಟಿಸಿದ ಉಣ್ಣೆಯ ದಾರ. ಅದು ನೇರವಾಗಿದ್ದರೆ ಗ್ಲೈಡರ್ ಗಾಳಿಯನ್ನು ಸರಿಯಾಗಿ ಸೀಳುತ್ತಿದೆ. ದಾರದ ತುದಿ ಬಲಕ್ಕೆ ವಾಲಿದರೆ ಎಡ ರಡ್ಡರ್, ಎಡಕ್ಕೆ ವಾಲಿದರೆ ಬಲ ರಡ್ಡರ್ ಕೊಡಬೇಕು. ಉದ್ದ ರೆಕ್ಕೆಯ ಗ್ಲೈಡರನ್ನು ಬರೀ ಜಾಯ್‌ಸ್ಟಿಕ್ಕಿನಿಂದ ಓರೆ ಮಾಡಿದರೆ ಮೂತಿ ಎದುರು ದಿಕ್ಕಿಗೆ ಎಳೆಯುತ್ತದೆ, ಎತ್ತರ ವ್ಯರ್ಥವಾಗಿ ಸೋರುತ್ತದೆ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ನಿಜವಾದ ಗ್ಲೈಡರಿನಲ್ಲಿ ಥರ್ಮಲ್ ಹೊಕ್ಕಾಗ ಆಸನವೇ ಮೈಯನ್ನು ಮೇಲಕ್ಕೆ ನೂಕುತ್ತದೆ. ಮನೆಯ ಕುರ್ಚಿಗೆ ಆ ಶಕ್ತಿಯಿಲ್ಲ. ಆ ಕೊರತೆಯನ್ನು ತುಂಬುವುದು ಏರಿಳಿತವನ್ನು ಅಳೆಯುವ ವೇರಿಯೋಮೀಟರಿನ ಧ್ವನಿ. ಏರುವಾಗ ಅದು ಚುರುಕಾಗಿ, ಎತ್ತರದ ಸ್ವರದಲ್ಲಿ ಕೂಗುತ್ತದೆ, ಇಳಿಯುವಾಗ ಸ್ವರ ತಗ್ಗುತ್ತದೆ. ನಾನು ಆರಂಭದ ವಾರಗಳನ್ನೆಲ್ಲ ಅದರ ಮುಳ್ಳನ್ನು ನೋಡುವುದರಲ್ಲೇ ಕಳೆದೆ. ಕಣ್ಣು ಮುಳ್ಳಿಗೆ ನೆಟ್ಟಿದ್ದರಿಂದ ವೇಗ ತಪ್ಪುತ್ತಿತ್ತು, ಸುತ್ತು ಕೆಡುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು, ಕಣ್ಣನ್ನು ದಿಗಂತಕ್ಕೆ ಬಿಟ್ಟು, ಮುಳ್ಳಿನ ಕೆಲಸವನ್ನು ಕಿವಿಗೆ ಒಪ್ಪಿಸಿದ ದಿನವೇ ಮೊದಲ ಬಾರಿಗೆ ಒಂದು ಥರ್ಮಲ್ಲಿನಲ್ಲಿ ಮೋಡದ ಬುಡದವರೆಗೆ ಏರಿದೆ.

ಸುತ್ತುವಾಗ ರೆಕ್ಕೆಯನ್ನು ಸುಮಾರು 40 ಡಿಗ್ರಿ ಓರೆ ಮಾಡಿ, ಗಂಟೆಗೆ 90 ಕಿಲೋಮೀಟರಿನ ಆಸುಪಾಸಿನಲ್ಲಿ ವೇಗವನ್ನು ಸ್ಥಿರವಾಗಿಡಿ. ಧ್ವನಿ ಏರುತ್ತಿದ್ದರೆ ಓರೆಯನ್ನು ಸ್ವಲ್ಪ ಸಡಿಲಿಸಿ, ಕುಗ್ಗುತ್ತಿದ್ದರೆ ಬಿಗಿಗೊಳಿಸಿ. ಹೀಗೆ ಮಾಡುತ್ತ ಹೋದಂತೆ ಸುತ್ತು ತಾನಾಗಿ ಕಂಬದ ನಡುವಿಗೆ ಸರಿಯುತ್ತದೆ.

ನೆಲದಿಂದ 300 ಮೀಟರಿಗೆ ಇಳಿದಾಗ ಥರ್ಮಲ್ಲಿನ ಹುಡುಕಾಟವನ್ನು ಕೈಬಿಡಿ. ಸಮತಟ್ಟಾದ, ಬೆಳೆಯಿಲ್ಲದ ಹೊಲವೊಂದನ್ನು ಅದಕ್ಕೂ ಮೊದಲೇ ಆರಿಸಿಟ್ಟುಕೊಂಡು, ಗಾಳಿಗೆ ಮುಖ ಮಾಡಿ, ರೆಕ್ಕೆಯಿಂದ ಎದ್ದು ನಿಂತು ಇಳಿತವನ್ನು ಹೆಚ್ಚಿಸುವ ಹಲಗೆಗಳಾದ ಏರ್‌ಬ್ರೇಕ್ ತೆರೆದು ಇಳಿಯಿರಿ.